ಶಿವಲಿಂಗವ್ವನ ರೊಟ್ಟಿಬುಟ್ಟಿ

"ಬಿಡವ್ವಾ ಸುನಿತಾ, ಬುಟ್ಟಿ ಬಿಡು," ಎಂದು ಬಾಳವ್ವ ಎಳೆದಳು. ಸುನಿತಾ ಬಿಡಲಿಲ್ಲ. ಇಬ್ಬರ ನಡುವೆ ಬುಟ್ಟಿ ಅತ್ತಿತ್ತ ವಾಲಿ, ಒಳಗಿದ್ದ ಖಡಕ್ ರೊಟ್ಟಿಗಳು ಗಲಗಲ ಎಂದವು.

ಪಡಸಾಲೆಯಲ್ಲಿ ಶಿವಲಿಂಗವ್ವನ ಹೆಣವಿತ್ತು. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದಳು. ಎಂಬತ್ತರ ಹತ್ತಿರದ ಮುದುಕಿ ಹಿಂದಿನ ಸಂಜೆ ಒಲೆಯ ಮುಂದೆ ಕೂತು ವಾರಕ್ಕಾಗುವಷ್ಟು ರೊಟ್ಟಿ ಬಡಿದು, ಕೈ ತೊಳೆದು ಮಲಗಿದವಳು. ಯಾರಿಂದಲೂ ಒಂದು ದಿನ ಸೇವೆ ಮಾಡಿಸಿಕೊಳ್ಳಲಿಲ್ಲ ಎಂದು ಇಳಕಲ್ಲಿನ ಆ ನೇಕಾರರ ಓಣಿಯೆಲ್ಲ ಹೊಗಳುತ್ತಿತ್ತು. ಬದುಕಿದ್ದಾಗ ಅವಳ ಬಾಯಿಗೆ ಹೆದರಿ ಬೇರೆ ದಾರಿ ಹಿಡಿಯುತ್ತಿದ್ದವರೂ ಹೊಗಳುತ್ತಿದ್ದರು.

ಬಾಳವ್ವ ಅವಳ ತಂಗಿ. ಗುಡೂರಿನಿಂದ ಮೊದಲ ಬಸ್ಸಿಗೇ ಬಂದಿದ್ದಳು.

"ಜೀವ ಹ್ವಾದ ಮನಿಯಾಗ ಬೇಯಿಸಿದ್ದು ಇಟ್ಕೋಬಾರದು. ತಿಪ್ಪಿಗೆ ಚೆಲ್ಲಬೇಕು. ನಮ್ಮವ್ವ ಸತ್ತಾಗ ನಿಮ್ಮತ್ತಿನ ತನ್ನ ಕೈಲೆ ಚೆಲ್ಲಿದ್ಲು."

"ಇವು ಅತ್ತಿ ಬಡದ ರೊಟ್ಟಿರಿ, ಸಣ್ಣತ್ತಿ. ಮತ್ತ ಬಡಿಯಾಕ ಅವರು ಬರಂಗಿಲ್ಲ."

ಗದ್ದಲ ಕೇಳಿ ಅಂಗಳದಿಂದ ಬಸವಂತ ಒಳಗೆ ಬಂದ. ತಾಯಿ ಸತ್ತ ಮಗ. ಅಳುವುದಕ್ಕೂ ಬಿಡುವಿಲ್ಲದೆ ಬೆಳಗಿನಿಂದ ಓಡಾಡುತ್ತಿದ್ದ. "ಚಿಗವ್ವ ಹೇಳಿದಂಗ ಮಾಡು. ಮಂದಿ ನೋಡಾಕತ್ತಾರ," ಎಂದು ಹೆಂಡತಿಗೆ ಹೇಳಿದ.

"ಮಣ್ಣಾಗುತನಕ ಇರಲಿ. ಬಂದ ಮ್ಯಾಲೆ ನಾನ ಚೆಲ್ತೇನಿ."

ಬಾಳವ್ವನ ಹಿಡಿತ ಸಡಿಲಿತು. "ಮಾತು ಕೊಟ್ಟೀ ಮತ್ತ," ಎಂದಳು. ಸುನಿತಾ ಬುಟ್ಟಿಯನ್ನು ಮತ್ತೆ ತೊಲೆಗೆ ತೂಗುಬಿಟ್ಟ ನೆಲುವಿಗೆ ಏರಿಸಿದಳು.

*

ಸುನಿತಾ ಬಾಗಲಕೋಟೆಯಿಂದ ಸೊಸೆಯಾಗಿ ಬಂದದ್ದು ತೊಂಬತ್ತೇಳರಲ್ಲಿ. ತವರಿನಲ್ಲಿ ಬಿಳಿ ಅನ್ನ, ತಿಳಿಸಾರು, ಚಹಾದ ಜೊತೆ ಬಿಸ್ಕೀಟು. ರೊಟ್ಟಿ ಕಂಡರೆ ಮುಖ ತಿರುಗಿಸುವ ಹುಡುಗಿ. ಮರುವರ್ಷ ಬಸುರಾದಾಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿಗೆ ಕತ್ತಲೆ. ದವಾಖಾನೆಯಲ್ಲಿ ಡಾಕ್ಟರಬಾಯಿ ಕಣ್ಣಿನ ರೆಪ್ಪೆ ಎಳೆದು ನೋಡಿದರು. "ರಕ್ತ ಭಾಳ ಕಡಿಮಿ ಅದ. ಗುಳಿಗಿ ಬಿಡಬ್ಯಾಡ. ತಪ್ಪಲ ಪಲ್ಯ, ಕಾಳು ಚೆಂದಂಗ ತಿನ್ನು. ಹಿಂಗ ಇದ್ರ ಹೆರಿಗಿಗೆ ತ್ರಾಸ ಆಗ್ತದ," ಎಂದರು.

ಅಂದಿನಿಂದ ಶಿವಲಿಂಗವ್ವ ಸೊಸೆಯ ಕಾವಲಿಗೆ ಕೂತಳು. ಗುಳಿಗೆ ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೇ ಸಮಾಧಾನ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆ ಬಂದ ಹೆಸರುಕಾಳಿನ ಮೇಲೆ ಹಿಂಡಿದ ನಿಂಬೆಹಣ್ಣು, ಗುರೆಳ್ಳು ಚಟ್ನಿ. ಸೊಸೆಯ ತಾಟು ಖಾಲಿಯಾಗುವವರೆಗೆ ಅತ್ತೆ ಎದುರಿಗೇ ಕೂತು ಮಗನ ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ಸುನಿತಾ ರೊಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ಹೊತ್ತು ಕಳೆಯುತ್ತಿದ್ದಳು. ಪ್ರತಿ ರೊಟ್ಟಿಯ ಅಂಚಿನಲ್ಲೂ ಒಂದು ಸಣ್ಣ ಕುಳಿ. ಹರೆಯದಲ್ಲಿ ಮಗ್ಗಕ್ಕೆ ಸಿಕ್ಕು ಶಿವಲಿಂಗವ್ವನ ಬಲಗೈಯ ಒಂದು ಬೆರಳು ಬಾಗಿ ಸೆಟೆದುಕೊಂಡಿತ್ತು. ರೊಟ್ಟಿ ಬಡಿಯುವಾಗ ಆ ಬೆರಳು ತನ್ನ ಗುರುತು ಒತ್ತದೆ ಬಿಡುತ್ತಿರಲಿಲ್ಲ.

"ಬಡದಿದ್ದು ನೋಡಾಕಲ್ಲ, ತಿನ್ನಾಕ," ಎನ್ನುತ್ತಿದ್ದಳು ಅತ್ತೆ.

"ಗಂಟಲಾಗ ಇಳಿಯಂಗಿಲ್ರಿ."

"ಅಗದು ತಿನ್ನು, ಇಳೀತದ. ನಿನಗೇನು ಹಾಕಾಕತ್ತಿಲ್ಲ ನಾ. ಒಳಗ ಕುಂತೈತಲ್ಲ, ಅದಕ್ಕ. ಅದು ನಿನ್ನಂಗ ಮಾರಿ ತಿರುವಂಗಿಲ್ಲ."

ಆಗ ಸುನಿತಾ ಅತ್ತೆಯನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ಲೆಕ್ಕವಿಲ್ಲ. ಒಂದು ದಿನ ಮಾಳಿಗೆಗೆ ಹತ್ತಿ ಒಣಗಿದ ಬಟ್ಟೆ ತಂದ ಮೇಲೆ, ನಡುವೆ ಎಲ್ಲೂ ನಿಲ್ಲಲೇ ಇಲ್ಲವಲ್ಲ ಎಂದು ಅವಳಿಗೇ ಹೊಳೆಯಿತು. ಹೆರಿಗೆ ಸಲೀಸಾಯಿತು. ತಾಯಿ ಮಗಳು ಇಬ್ಬರೂ ನೆಟ್ಟಗೆ ಮನೆಗೆ ಬಂದರು. ಆ ಮಗಳು ಪ್ರಿಯದರ್ಶಿನಿಗೆ ಈಗ ಎಂಟು ವರ್ಷ. ಪಡಸಾಲೆಯಲ್ಲಿ ಅಜ್ಜಿಯ ಕಾಲ ಬಳಿ ಕೂತಿದ್ದಳು.

*

ಮಧ್ಯಾಹ್ನವಾದರೂ ಬಾದಾಮಿಯ ನೆಂಟರು ಬಂದಿರಲಿಲ್ಲ. ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಮಲೀಕಸಾಬ ಇದ್ದಕ್ಕಿದ್ದಂತೆ ಹಗ್ಗ ಬಿಟ್ಟು ಗೋಡೆಗೆ ಒರಗಿದ. ಪಕ್ಕದ ಮನೆಯವನು, ನೂಲಿಗೆ ಬಣ್ಣ ಹಾಕುವವನು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಬಿಸಿಲಿಗೆ ಎಂದರು ಒಬ್ಬರು, ದುಃಖಕ್ಕೆ ಎಂದರು ಇನ್ನೊಬ್ಬರು.

ಸುನಿತಾ ಓಡಿ ಬಂದಳು. "ಕಾಕಾರ, ಮುಂಜಾನಿ ಸಕ್ಕರಿ ಬ್ಯಾನಿ ಗುಳಿಗಿ ತಗೊಂಡೀರೇನು?"

"ತಗೊಂಡೇನವ್ವ. ಅಷ್ಟೊತ್ತಿಗೆ ಸುದ್ದಿ ಬಂತು. ಉಣ್ಣಾಕ ಮನಸ ಬರಲಿಲ್ಲ."

ಅವಳು ಒಳಗೆ ಓಡಿ ಬೆಲ್ಲದ ಚೂರು ತಂದು ಅವನ ಬಾಯಿಗಿಟ್ಟಳು. ಮಲೀಕಸಾಬ ಅಂಥ ಸಂಕಟದಲ್ಲೂ ಪಡಸಾಲೆಯ ಕಡೆ ಕಳ್ಳನಂತೆ ನೋಡಿದ. "ಬೆಲ್ಲ ಕೊಡ್ತೀ? ಅಕ್ಕ ನೋಡಿದ್ರ ಬಿಡ್ತಾಳೇನು?"

"ಹಿಂಗಾದ್ರ ಮೊದಲ ಬೆಲ್ಲ ಹಾಕು, ಬೈಗಳಾ ಆಮ್ಯಾಲೆ ನಾ ಕೊಡ್ತೇನಿ ಅಂತ ಅವರ ಹೇಳಿದ್ದರಿ."

ಡಾಕ್ಟರು ಹೇಳಿದ್ದನ್ನು ಮಲೀಕಸಾಬ ಮರೆತರೂ ಶಿವಲಿಂಗವ್ವ ಮರೆಯುತ್ತಿರಲಿಲ್ಲ. ಅವನ ತಾಟಿನಲ್ಲಿ ಗುಡ್ಡದಷ್ಟು ಅನ್ನ ಕಂಡರೆ ಗೋಡೆಯ ಆಚೆಯಿಂದಲೇ ಕೂಗು. ರೊಟ್ಟಿ, ತಪ್ಪಲ ಪಲ್ಯ ಅದೇ ಗೋಡೆಯ ಮೇಲಿಂದ ದಾಟಿ ಬರುತ್ತಿದ್ದವು.

ಬೆವರು ಆರಿತು, ನಡುಕ ನಿಂತಿತು. ಈಗ ಹೊಟ್ಟೆಗೆ ಏನಾದರೂ ಬೀಳಬೇಕು. ಆದರೆ ಹೆಣ ಎತ್ತುವ ತನಕ ಓಣಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಮಲೀಕಸಾಬನ ಮನೆಯಲ್ಲೂ ಹಚ್ಚಿರಲಿಲ್ಲ. ಸುನಿತಾ ಬಾಗಿಲಲ್ಲಿ ನಿಂತು ನೆಲುವಿನ ಕಡೆ ನೋಡಿದಳು, ಆಮೇಲೆ ಬಾಳವ್ವನ ಕಡೆ ನೋಡಿದಳು.

ಬಾಳವ್ವ ಎದ್ದಳು. ತಾನೇ ಬುಟ್ಟಿ ಇಳಿಸಿ, ರೊಟ್ಟಿ ತಂದು ಮಲೀಕಸಾಬನ ಕೈಗಿಟ್ಟಳು.

"ತಿನ್ನಪಾ. ಹಸದಾಂವನ ಮುಂದ ರೊಟ್ಟಿ ತಿಪ್ಪಿಗೆ ಒಯ್ದಿದ್ರ ನಮ್ಮಕ್ಕ ಎದ್ದು ಕುಂತು ಬೈತಿದ್ಲು."

ಮಲೀಕಸಾಬ ಮುರಿದು ತಿಂದ. ಬಣ್ಣ ಹಿಡಿದ ಬೆರಳುಗಳಿಂದ ಕಣ್ಣು ಒರೆಸಿಕೊಂಡ. "ಒಡಹುಟ್ಟಿದಾಕಿನೂ ಇಷ್ಟು ನೋಡತಿದ್ದಿಲ್ಲ ನನ್ನ," ಎಂದ. ಬಾದಾಮಿಯ ನೆಂಟರು ಬಂದಾಗ ಅವನೇ ಬಿದಿರಿನ ಕೊನೆಯ ಗಂಟು ಬಿಗಿದ.

*

ಮಣ್ಣು ಮುಗಿಸಿ ಬಂದು ಎಲ್ಲರೂ ಕೈಕಾಲು ತೊಳೆದರು. ಸುನಿತಾ ಬುಟ್ಟಿ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ನಡೆದಳು.

"ಎಲ್ಲಿಗೆ ಹೊಂಟಿ?" ಬಾಳವ್ವ ಕೇಳಿದಳು.

"ಚೆಲ್ತೇನಿ ಅಂತ ಮಾತು ಕೊಟ್ಟೇನ್ರಿ."

"ಆ ಮಾತು ನನಗ ಕೊಟ್ಟಿದ್ದಿ. ನಾ ಬ್ಯಾಡ ಅಂತೇನಿ. ಬಾ, ಎಲ್ಲಾರಿಗೂ ಕೊಡು."

ಸುನಿತಾ ಒಬ್ಬೊಬ್ಬರಿಗೂ ಒಂದೊಂದು ರೊಟ್ಟಿ ಕೊಟ್ಟು ಮೇಲೆ ಗುರೆಳ್ಳು ಚಟ್ನಿ ಹಾಕಿದಳು. ಬಸವಂತ ಮೊದಲ ತುತ್ತಿಗೇ ಅತ್ತ. ಬೆಳಗಿನಿಂದ ತಡೆದಿದ್ದೆಲ್ಲ ಹೊರಗೆ ಬಂತು. ಪ್ರಿಯದರ್ಶಿನಿ ಅಪ್ಪನಿಗೆ ಒರಗಿ ಕೂತು ತನ್ನ ರೊಟ್ಟಿ ತಿಂದಳು.

ಬಾಳವ್ವ ಮಾತ್ರ ತಿನ್ನಲಿಲ್ಲ. ತಾಟನ್ನು ಮಡಿಲಲ್ಲಿಟ್ಟುಕೊಂಡು ರೊಟ್ಟಿಯ ಅಂಚಿನ ಕುಳಿಯಲ್ಲಿ ತನ್ನ ಬೆರಳಿಟ್ಟು ಕೂತಿದ್ದಳು. ಸುನಿತಾ ಬಂದು ಅವಳ ಎದುರಿಗೇ ಕೂತಳು.

"ಬಡದಿದ್ದು ನೋಡಾಕಲ್ರಿ ಸಣ್ಣತ್ತಿ, ತಿನ್ನಾಕ."

ಬಾಳವ್ವ ಥಟ್ಟನೆ ತಲೆ ಎತ್ತಿ ಅವಳ ಮುಖ ನೋಡಿದಳು. ಆಮೇಲೆ ಕುಳಿಯಿದ್ದ ಕಡೆಯೇ ರೊಟ್ಟಿ ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿಯತೊಡಗಿದಳು. ಅವಳ ತಾಟು ಖಾಲಿಯಾಗುವವರೆಗೆ ಸುನಿತಾ ಎದುರಿನಿಂದ ಏಳಲಿಲ್ಲ.