ವಾಸಕ್ಕೆ ಯೋಗ್ಯವಲ್ಲ

ಮಗಳಿಗೆ ಆರು ವರ್ಷವಾಗಿದ್ದಾಗ, ಸಾಮಾನಿನ ಗಾಡಿಯ ಹಿಂಬದಿಯಲ್ಲಿ ಕೂತು, ನಾನು ಅವಳಿಗೊಂದು ಮಾತು ಕೊಟ್ಟಿದ್ದೆ. ಅದು ನಾವು ಐದನೆಯ ಬಾಡಿಗೆ ಮನೆ ಬಿಟ್ಟ ದಿನ. ಮನೆಯ ಮಾಲೀಕ ಬೀದಿಯಲ್ಲಿ ನಿಂತು, "ಲೇ, ಬಲ್ಬು ಸಹಾ ಬಿಚ್ಕೊಂಡು ಹೋಗ್ತಿದ್ದೀರಲ್ಲೋ, ಭಿಕಾರಿ ನನ್ಮಕ್ಳಾ" ಎಂದು ನಾಲ್ಕು ಜನಕ್ಕೆ ಕೇಳಿಸುವಂತೆ ಬಯ್ಯುತ್ತಿದ್ದ. ಬಲ್ಬು ನಮ್ಮದೇ. ಮಗಳು ಅದನ್ನು ಎರಡೂ ಕೈಯಲ್ಲಿ ಮೊಟ್ಟೆಯಂತೆ ಹಿಡಿದುಕೊಂಡು, "ಅಮ್ಮಾ, ಇನ್ನೆಷ್ಟು ಸಲ?" ಎಂದಳು.

"ನೀನು ದೊಡ್ಡೋಳಾಗೋ ಹೊತ್ತಿಗೆ ಯಾವ ಬೋಳಿಮಗನೂ ಮನೆ ಬಿಡು ಅನ್ನಕೂಡದು. ಅಂಥ ಮನೆ ಮಾಡಿಕೊಡ್ತೀನಿ" ಎಂದೆ.

ಅವಳು ನಂಬಿದಳು. ಆರು ವರ್ಷದವರು ನಂಬುತ್ತಾರೆ. ಆಮೇಲೆ ಇನ್ನೂ ನಾಲ್ಕು ಮನೆ ಬದಲಾಯಿಸಿದೆವು.

ನನ್ನ ಗಂಡ ಗಾರೆ ಕೆಲಸದವನು. ಇಪ್ಪತ್ತೊಂದು ವರ್ಷದಿಂದ ನಾನೂ ಅವನ ಜೊತೆ ಗಾರೆ ಕಲಸುತ್ತೇನೆ, ಹೊರುತ್ತೇನೆ, ಅವನಿಗಿಂತ ಚೆನ್ನಾಗಿ ಗಿಲಾವು ಮಾಡುತ್ತೇನೆ. ಕೂಲಿ ಕೊಡುವಾಗ ಮಾತ್ರ ನಾನು ಹೆಣ್ಣಾಳು. ಬ್ಯಾಂಕಿನ ಅರ್ಜಿಯಲ್ಲಿ ಮ್ಯಾನೇಜರು ನನ್ನ ಹೆಸರಿನ ಮುಂದೆ 'ಗೃಹಿಣಿ' ಎಂದು ಬರೆದುಕೊಂಡ. ಗೃಹವೇ ಇಲ್ಲದ ಗೃಹಿಣಿ. ಹೊರಗೆ ಬಂದ ಮೇಲೆ ಗಂಡ ಅದನ್ನೇ ಹೇಳಿ ನಗಿಸಿದ.

ಮನೆ ಸಿಕ್ಕಿದ್ದು ಗೋದಾಮಿನ ಹಿಂದಿನ ಓಣಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ಹಿಂದಿನ ಗೋಡೆ ಕಿಟಕಿಯ ಮೂಲೆಯಿಂದ ಸೂರಿನ ತನಕ ಸೀಳಿತ್ತು. ಎರಡು ತೊಲೆಗಳ ತುದಿಯನ್ನು ಗೆದ್ದಲು ತಿಂದಿತ್ತು. ಒಡತಿ ಒಬ್ಬ ಅಜ್ಜಿ, ಅಳಿಯನ ಮನೆಯಲ್ಲಿದ್ದಳು. ರಿಪೇರಿ ಮಾಡಿಸುವ ಶಕ್ತಿ ಇಲ್ಲ, ಅರ್ಧ ಬೆಲೆಗೆ ಕೊಡುತ್ತೇನೆ ಎಂದಳು. ಹಾಗಿದ್ದುದರಿಂದಲೇ ಅದು ನಮ್ಮ ಕೈಗೆ ಎಟುಕಿದ್ದು. ಮಗಳ ನರ್ಸಿಂಗ್ ಕಾಲೇಜಿಗೆಂದು ಎತ್ತಿಟ್ಟಿದ್ದನ್ನು ಮುಂಗಡವಾಗಿ ಕೊಟ್ಟೆವು. ಮೂರು ತಿಂಗಳೊಳಗೆ ಬಾಕಿ ಕಟ್ಟಬೇಕು, ಇಲ್ಲದಿದ್ದರೆ ಮುಂಗಡ ಹೋಯಿತು ಎಂದು ಅಳಿಯ ಕಾಗದ ಬರೆಸಿದ. ಬಾಕಿಗೆ ಬ್ಯಾಂಕು.

ಕಾಗದವಾದ ದಿನವೇ ಗಂಡ ಗೋಡೆಯ ಸೀಳಿಗೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಕೂರಿಸಿದ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಚಟ್ಟನೆ ಒಡೆಯುತ್ತದೆ. ಬ್ಯಾಂಕು ಕಾಗದ ಕೇಳುತ್ತಾ ಏಳು ವಾರ ಕಳೆಯಿತು. ಗಾಜು ಒಡೆಯಲಿಲ್ಲ. ಪಾಯ ಕುಸಿದದ್ದು ಹಿಂದೆಂದೋ, ಈಗ ಗೋಡೆ ಅಲುಗದೆ ನಿಂತಿದೆ ಎಂಬುದು ನಮಗೆ ಖಾತ್ರಿಯಾಯಿತು.

ಬೆಲೆ ಕಟ್ಟುವ ಇಂಜಿನಿಯರು ನಾಳೆ ಬರುತ್ತಾರೆ ಎಂದು ಬ್ಯಾಂಕಿನಿಂದ ಹೇಳಿ ಕಳಿಸಿದರು. ನಾವಿಬ್ಬರೂ ಕೆಲಸಕ್ಕೆ ಚಕ್ಕರ್ ಹೊಡೆದು, ಉಳಿ ಸುತ್ತಿಗೆ ಹಿಡಿದು, ಗಾಜು ಕೂರಿಸಿದ್ದ ಗೇಣು ಜಾಗ ಬಿಟ್ಟು, ಆ ಸೀಳಿನ ಉದ್ದಕ್ಕೂ ಗಿಲಾವು ಕೆತ್ತಿ ತೆಗೆದೆವು. ಸೀಳನ್ನು ಅಂಗೈಯಗಲ ಬಿಚ್ಚಿ, ಧೂಳು ಗುಡಿಸಿ, ನೀರು ಹಾಕಿ ತೊಳೆದೆವು. ಒಳಗಿನ ಇಟ್ಟಿಗೆ ಕೆಂಪಗೆ, ಗಟ್ಟಿಯಾಗಿ ಕಾಣುತ್ತಿತ್ತು. ಯಾವ ಮೇಸ್ತ್ರಿ ಗೋಡೆ ನೋಡಲು ಬಂದರೂ ಮೊದಲು ಕೇಳುವುದು, ಬಿಚ್ಚಿ ನೋಡಿದ್ರಾ ಎಂದು. ಮುಚ್ಚಿದ ಬಿರುಕನ್ನು ನಮ್ಮವರು ಯಾರೂ ನಂಬುವುದಿಲ್ಲ.

ಇಂಜಿನಿಯರು ಬಾಗಿಲಲ್ಲೇ ನಿಂತು ಮೂಗಿಗೆ ಕರ್ಚೀಫು ಹಿಡಿದ.

"ಏನಯ್ಯಾ ಇದು, ಗೋಡೆ ಬಾಯಿ ಬಿಟ್ಕೊಂಡಿದೆ?"

"ನಾವೇ ಬಿಚ್ಚಿದ್ದು ಸಾರ್, ನಿಮಗೆ ಕಾಣ್ಲಿ ಅಂತ. ಒಳಗೆ ಕಲ್ಲಿದ್ದಂಗಿದೆ. ಗಾಜು ನೋಡಿ ಸಾರ್, ಏಳು ವಾರ ಆಯ್ತು, ಒಡೆದಿಲ್ಲ" ಎಂದ ಗಂಡ.

"ನಂಗೆ ಪಾಠ ಹೇಳ್ಬೇಡ. ಈ ಫಾರಂನಲ್ಲಿ ಗಾಜಿಗೆ ಜಾಗ ಇಲ್ಲ. ಬಿರುಕು ಇದೆಯಾ? ಇದೆ. ಇಟ್ಟಿಗೆ ಹೊರಗೆ ಕಾಣ್ತಿದೆಯಾ? ಕಾಣ್ತಿದೆ." ಎರಡು ಕಡೆ ಗುರುತು ಹಾಕಿದ. ನಾಲ್ಕು ಫೋಟೋ ತೆಗೆದ. ನಾನು ಟೀ ಲೋಟ ಹಿಡಿದು ನಿಂತಿದ್ದೆ. "ಏಯ್, ಆಚೆ ಸರಿಯಮ್ಮಾ, ಫೋಟೋಗೆ ಬರ್ತಿದ್ದೀಯ" ಎಂದ. ಟೀ ಮುಟ್ಟಲಿಲ್ಲ.

ನಮಗೆ ಈ ಮನೆ ತೋರಿಸಿದ್ದ ದಲ್ಲಾಳಿ ಸಂಜೆ ಬಂದವನು ಗೋಡೆ ನೋಡಿ ತಲೆ ಮೇಲೆ ಕೈ ಹೊತ್ತು ಕೂತ.

"ಥೂ ನಿಮ್ಮ. ತೋರ್ಸೋಕೆ ಅಂತ ಬಿಚ್ಚಿದ್ರಾ? ಮದುವೆ ಹೆಣ್ಣಿನ ಹುಣ್ಣು ಬಿಚ್ಚಿ ತೋರಿಸ್ತಾರೇನ್ರೋ ಯಾರಾದ್ರೂ? ಒಂದು ಕೈ ಗಿಲಾವು, ಒಂದು ಬಕೆಟ್ ಬಣ್ಣ. ಅಷ್ಟೇ ಬೇಕಾಗಿದ್ದು. ನೀವು ಊರವರ ಮನೆಗೆಲ್ಲಾ ಅದನ್ನೇ ಅಲ್ವೇನ್ರೋ ಮಾಡೋದು?"

ಅದನ್ನೇ ಮಾಡುವುದು. ಮನೆ ಮಾರುವವರು ಕರೆದರೆ ಹೋಗಿ, ಒದ್ದೆ ಗೋಡೆಗೂ ಸೀಳಿದ ಗೋಡೆಗೂ ಒಂದೇ ದಿನದಲ್ಲಿ ಬಣ್ಣ ಹೊಡೆದು ಬಂದಿದ್ದೇವೆ. ಮಗಳು ಮಲಗುವ ಕೋಣೆಗೆ ಹಾಗೆ ಮಾಡಲು ನಮಗೆ ಹೊಳೆಯಲೇ ಇಲ್ಲ.

ಮ್ಯಾನೇಜರು ವರದಿಯನ್ನು ನಮ್ಮ ಕಡೆ ತಿರುಗಿಸಿ ಕೊನೆಯ ಸಾಲಿನ ಮೇಲೆ ಪೆನ್ನಿಟ್ಟ. ವಾಸಕ್ಕೆ ಯೋಗ್ಯವಲ್ಲ.

"ರಿಪೇರಿಗೂ ಸೇರಿಸಿ ಸಾಲ ಕೊಡಿ ಸಾರ್" ಎಂದೆ. "ಕೂಲಿ ಖರ್ಚು ಇಲ್ಲ. ನಾವೇ ಮಾಡ್ಕೊಳ್ತೀವಿ."

"ರಿಪೇರಿ ಸಾಲ ಮನೆ ಇದ್ದೋರಿಗಮ್ಮ. ನಿಮ್ಮ ಹೆಸರಿಗೆ ಎಲ್ಲಿದೆ ಮನೆ?"

"ಹೆಸರಿಗೆ ಮಾಡ್ಕೊಳ್ಳೋಕೇ ಸಾಲ ಕೇಳ್ತಿರೋದು."

"ಅದು ವಾಸಯೋಗ್ಯ ಮನೆಗೆ. ರಿಪೇರಿ ಮಾಡಿಸ್ಕೊಂಡು ಬನ್ನಿ, ನೋಡೋಣ."

"ಕಾಲು ವಾಸಿ ಮಾಡ್ಕೊಂಡು ಆಸ್ಪತ್ರೆಗೆ ನಡ್ಕೊಂಡು ಬಾ ಅಂದಂಗಾಯ್ತಲ್ಲ ಸಾರ್" ಎಂದ ನನ್ನ ಗಂಡ.

ಪಕ್ಕದ ಮೇಜಿನ ಹುಡುಗಿ ನಕ್ಕಳು. ಮ್ಯಾನೇಜರು ನಗಲಿಲ್ಲ. "ತಮಾಷೆ ಹೊರಗಡೆ. ಹಿಂದೆ ಜನ ನಿಂತಿದ್ದಾರೆ."

ಕಾಗದದಲ್ಲಿ ಬರೆದ ಗಡುವಿಗೆ ಐದು ವಾರ ಉಳಿದಿತ್ತು. ನಾವು ಅಜ್ಜಿಯ ಹತ್ತಿರ ಹೋದೆವು. ಅಜ್ಜಿ ಜಗಲಿಯ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು.

"ನಿನ್ನ ಮನೆ ಗೋಡೆ ನಾವೇ ಕಟ್ತೀವಜ್ಜಿ. ಬಾಡಿಗೆ ಮನೆ ಬಿಟ್ಟು ಅಲ್ಲೇ ಹೋಗಿರ್ತೀವಿ. ಒಂದು ವಾರ ಹತ್ತು ದಿನ ಹೆಚ್ಚು ಕಮ್ಮಿ ಆದ್ರೆ ತಡ್ಕೊಳ್ತೀಯಾ?"

"ಅದಕ್ಕೇನವ್ವಾ, ಮಾಡ್ಕೊಳ್ಳಿ. ನೀವೇನು ಓಡಿ ಹೋಗ್ತೀರಾ, ಮನೆ ಓಡಿ ಹೋಗುತ್ತಾ?" ಎಂದಳು. ಒಳಗೆ ಅಳಿಯ ಟೀವಿ ನೋಡುತ್ತಿದ್ದ. ಟೀವಿಯ ಸದ್ದು ಕಡಿಮೆಯಾಯಿತು, ಆಮೇಲೆ ಮತ್ತೆ ಜೋರಾಯಿತು. ನಾವು ಅದಕ್ಕೆ ಕಾಗದ ಬರೆಸಲಿಲ್ಲ.

ಕೆಡವಿದ ಒಂದು ಶಾಲೆಯ ಇಟ್ಟಿಗೆ ಅಗ್ಗಕ್ಕೆ ಸಿಕ್ಕಿತು. ಮಗಳು ಒಂದೊಂದನ್ನೂ ಕೆರೆದು ಹಳೆಯ ಗಾರೆ ಬಿಡಿಸಿದಳು. ಹಿಂದಿನ ಗೋಡೆಯ ಸೀಳಿದ ಭಾಗವನ್ನು ತುಂಡು ತುಂಡಾಗಿ ತೆಗೆದು, ಕೆಳಗಿಂದ ಹೊಸದಾಗಿ ಕಟ್ಟಿಕೊಂಡು ಬಂದೆವು. ತೊಲೆಗಳಿಗೆ ಕಬ್ಬಿಣದ ಆಸರೆ ಕೊಟ್ಟೆವು. ಹೊಟ್ಟೆಪಾಡಿನ ಕೆಲಸ ಮುಗಿಸಿ ಬಂದು ಎರಡು ವರಸೆ ಇಟ್ಟಿಗೆ, ರಜದ ದಿನ ಹತ್ತು ವರಸೆ. ತಡವಾಗಿ ಬರುತ್ತೀರಿ ಎಂದು ಮೇಸ್ತ್ರಿ ಮೂರನೆಯ ವಾರ ನಮ್ಮ ಜಾಗಕ್ಕೆ ಬೇರೆ ಜೋಡಿಯನ್ನು ಹಾಕಿಕೊಂಡ. "ಒಳ್ಳೇದಾಯ್ತು ಬಿಡು, ಇನ್ನು ಹಗಲೂ ಇಲ್ಲೇ" ಎಂದ ಗಂಡ. ಅವನ ಮುಖ ನೋಡಲಿಲ್ಲ ನಾನು.

ಗಾರೆಗೆ ನಾನು ಅಳತೆ ತಪ್ಪಿಸಲಿಲ್ಲ. ಬೇರೆಯವರ ಕೆಲಸದಲ್ಲಿ ಒಂದು ಚೀಲ ಸಿಮೆಂಟಿಗೆ ಎಂಟು ಬಾಂಡ್ಲಿ ಮರಳು ಹೆಚ್ಚಿಗೆ ಸುರಿ ಎಂದು ಹೇಳಿಸಿಕೊಂಡ ಕೈ ಇದು. ಇಲ್ಲಿ ಒಂದು ಬಾಂಡ್ಲಿಯನ್ನೂ ಹೆಚ್ಚಿಗೆ ಹಾಕಲಿಲ್ಲ. ಒದ್ದೆ ಗೋಣಿ ಹೊದಿಸಿ ದಿನಕ್ಕೆ ನಾಲ್ಕು ಸಲ ನೀರುಣಿಸಿದೆ. ಕೊನೆಯ ಗಿಲಾವು ಮುಗಿದ ದಿನ ಮಗಳು ಗೋಡೆಗೆ ಬೆನ್ನು ಕೊಟ್ಟು ಕೂತು, "ತಣ್ಣಗಿದೆ ಅಮ್ಮಾ" ಎಂದಳು. ಗಡುವು ಮುಗಿದು ಹನ್ನೊಂದು ದಿನವಾಗಿತ್ತು.

ಮರುದಿನವೇ ಬ್ಯಾಂಕಿಗೆ ಹೊಸ ಅರ್ಜಿ ಕೊಟ್ಟೆವು. ಅದರ ಮರುದಿನ ಅಳಿಯ ಬಂದ. ಜೊತೆಯಲ್ಲಿ ಮನೆ ಕೊಳ್ಳಲು ಬಂದ, ಇಸ್ತ್ರಿ ಬಟ್ಟೆಯ ಗಂಡ ಹೆಂಡತಿ, ಅವರ ಹಿಂದೆ ಅದೇ ಇಂಜಿನಿಯರು. ಅದೇ ಬ್ಯಾಂಕು. ಅವರಿಗೆ ಸಂಬಳದ ಚೀಟಿ ಇತ್ತು.

"ಭಾನುವಾರದೊಳಗೆ ಖಾಲಿ ಮಾಡಿ" ಎಂದ ಅಳಿಯ. "ತಾರೀಖು ಮುಗೀತು. ಮುಂಗಡ ಹೋಯ್ತು. ಕಾಗದದಲ್ಲಿದೆ."

"ಅಜ್ಜಿ ಹೂಂ ಅಂದಿದ್ದಳು" ಎಂದ ಗಂಡ.

"ಅಜ್ಜಿಗೆ ಬೆಳಿಗ್ಗೆ ಏನು ತಿಂದೆ ಅನ್ನೋದೇ ನೆನಪಿರಲ್ಲ."

"ಗೋಡೆ ಕಟ್ಟಿದ್ದು ನಾವು."

"ನಾನು ಕಟ್ಟು ಅಂದಿದ್ನಾ? ನನ್ನ ಮನೇಲಿ ಒಂದೂವರೆ ತಿಂಗಳು ಪುಕ್ಕಟೆ ಇದ್ರಲ್ಲ, ಅದಕ್ಕೆ ಸರಿಹೋಯ್ತು."

ಇಂಜಿನಿಯರು ಒಳಗೆ ಬಂದ. ಈ ಸಲ ಕರ್ಚೀಫು ಹಿಡಿದಿರಲಿಲ್ಲ. ಬೆರಳ ಗೆಣ್ಣಿನಿಂದ ಗೋಡೆಯನ್ನು ಮೂರು ಕಡೆ ತಟ್ಟಿ ಕೇಳಿಸಿಕೊಂಡ. "ಕೆಲಸ ಚೆನ್ನಾಗಿದೆ. ಯಾರು ಮಾಡಿದ್ದು?"

"ನಾವೇ ಮಾಡಿಸಿದ್ದು" ಎಂದ ಅಳಿಯ.

"ನಾನು ಮಾಡಿದ್ದು" ಎಂದೆ.

ಇಂಜಿನಿಯರು ನನ್ನನ್ನು ನೋಡಿದ. ಗುರುತು ಸಿಕ್ಕಿದ ಹಾಗೆ ಕಾಣಲಿಲ್ಲ. "ಚೆನ್ನಾಗಿ ಮಾಡಿದ್ದೀಯಮ್ಮ" ಎಂದು ಹೇಳಿ ಗುರುತು ಹಾಕತೊಡಗಿದ.

ಮೂಲೆಯಲ್ಲಿ ದೊಡ್ಡ ಸುತ್ತಿಗೆ ಇತ್ತು. ಎತ್ತಿಕೊಂಡೆ. ಇಸ್ತ್ರಿ ಬಟ್ಟೆಯವರು ಹೊಸಲು ದಾಟಿ ಓಡಿದರು. "ಏ ಇವಳೇ, ಬೇಡ ಕಣೇ" ಎಂದ ಗಂಡ. ಆದರೆ ಅಡ್ಡ ಬರಲಿಲ್ಲ. ನಾವು ಕಟ್ಟಿದ ಗೋಡೆಗೆ, ಮೈಯಲ್ಲಿದ್ದ ಬಲವನ್ನೆಲ್ಲಾ ಹಾಕಿ ಹೊಡೆದೆ. ಎರಡನೆಯ ಸಲ ಹೊಡೆದೆ. ಮೂರನೆಯ ಸಲಕ್ಕೆ ಹಿಡಿಯೇ ಮುರಿದು ಸುತ್ತಿಗೆಯ ತಲೆ ನನ್ನ ಕಾಲ ಬಳಿ ಬಿತ್ತು. ಗೋಡೆಯಿಂದ ಉದುರಿದ್ದು ಅಂಗೈಯಗಲ ಗಿಲಾವು. ಇಟ್ಟಿಗೆ ಮಿಸುಕಲಿಲ್ಲ.

ಅಳಿಯನಿಗೆ ನಗು ಬಂತು. "ಸಾರ್, ಇದನ್ನೂ ಬರ್ಕೊಳ್ಳಿ. ಗಟ್ಟಿ ಇದೆ ಅಂತ."

ಇಂಜಿನಿಯರು ಬರೆದುಕೊಂಡ.

ಮಗಳು ಸುತ್ತಿಗೆಯ ತಲೆ, ಮುರಿದ ಹಿಡಿ ಎರಡನ್ನೂ ಎತ್ತಿ ಚೀಲಕ್ಕೆ ಹಾಕಿದಳು. ಭಾನುವಾರ ಮಧ್ಯಾಹ್ನ ಗಾಡಿ ಬಂತು. ನಾವು ಮನೆ ಬಿಟ್ಟೆವು. ನಾನು ಅವಳಿಗೆ ಕೊಟ್ಟ ಮಾತು ಮುರಿಯಿತು.