ಹೊಕ್ಕುಳ ಸುತ್ತಲಿನ ಚುಕ್ಕೆಗಳು

ಒದ್ದೆ ಬಟ್ಟೆಯಿಂದ ತಮ್ಮನ ಹೆಂಡತಿಯ ಹೆಣದ ಹೊಟ್ಟೆ ಒರೆಸುತ್ತಿದ್ದ ಅಕ್ಕನ ಕೈ ನಿಂತಿತು. ಹೊಕ್ಕುಳ ಸುತ್ತ ನೀಲಿಗಟ್ಟಿದ ಚುಕ್ಕೆಗಳು. ಕೆಲವು ಆಗಲೇ ಹಳದಿಗೆ ತಿರುಗಿದ್ದವು.

"ಅಮ್ಮ, ಇಲ್ಲಿ ನೋಡು."

ಅತ್ತೆ ಬಗ್ಗಿ ನೋಡಿದಳು. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಮಕ್ಕಳಾಗದೆ, ನಲವತ್ತರ ಅಂಚಿನಲ್ಲಿ, ನಿನ್ನೆ ನ್ಯುಮೋನಿಯಾದಿಂದ ತೀರಿಕೊಂಡಿದ್ದಳು. "ಮಕ್ಕಳಾಗೋಕೆ ಮದ್ದು ಮಾಡಿಸ್ಕೋ ಅಂತ ಬಡ್ಕೊಂಡೆ. ಕಿವಿಗೇ ಹಾಕ್ಕೊಳ್ಳಲಿಲ್ಲ," ಎಂದು ಅತ್ತೆ ಬೆಳಗಿನಿಂದ ಬಂದವರಿಗೆಲ್ಲ ಹೇಳುತ್ತಿದ್ದಳು.

ಅಕ್ಕ ತಮ್ಮನನ್ನು ಕರೆದಳು. ಬಸ್ ಡಿಪೋದ ಮೆಕ್ಯಾನಿಕ್ ಅವನು. ಬಾಗಿಲಲ್ಲೇ ನಿಂತ.

"ಏನೋ ಇದು?"

"ಸೂಜಿ ಅಕ್ಕ. ಮಗು ಆಗೋಕೆ. ದಿನಾ ನಾನೇ ಚುಚ್ತಿದ್ದೆ."

*

ಡಾಕ್ಟರಮ್ಮ ಏನನ್ನೂ ಮುಚ್ಚಿಟ್ಟಿರಲಿಲ್ಲ. "ನಿಮ್ಮ ಹೆಂಡತಿಗೆ ತೊಂದರೆ ಇಲ್ಲ. ನಿಮ್ಮಲ್ಲೇ ವೀರ್ಯಾಣು ತೀರಾ ಕಡಿಮೆ. ಅವರ ಅಂಡ ಹೊರತೆಗೆದು, ನಿಮ್ಮದೊಂದನ್ನ ಅದರೊಳಗೆ ಸೇರಿಸಿ ನೋಡಬಹುದು. ಇಲ್ಲಾ ದಾನಿಯ ವೀರ್ಯ ತಗೋಬಹುದು. ದತ್ತು ಕೂಡ ಇದೆ."

"ಬೇರೆಯವರದ್ದು ಬೇಡ," ಎಂದ ಅವನು.

ಹೆಂಡತಿ ಅವನ ಮುಖ ನೋಡಿದಳು. "ಇವರದ್ದೇ ಆಗ್ಲಿ ಡಾಕ್ಟ್ರೇ."

ಮೂರು ಸಲ ಕೈಗೂಡಲಿಲ್ಲ. ಪ್ರತಿ ಸಲವೂ ತಲೆನೋವೆಂದು ಮಲಗಿ, ಅತ್ತೆಯ ಮಾತು ನುಂಗಿಕೊಂಡು, ಮತ್ತೆ ಎದ್ದು ಗಾಜು ಉಜ್ಜಲು ಹೋದಳು. ನಾಲ್ಕನೆಯ ಸಲ ಸೂಜಿ ಶುರುವಾದಾಗ ಜ್ವರ ಬಂತು. ಹಿಂದೆಯೇ ಕೆಮ್ಮು.

"ಡಾಕ್ಟ್ರಿಗೆ ಹೇಳ್ಬೇಡಿ," ಎಂದಳು. "ನಿಲ್ಲಿಸಿಬಿಡ್ತಾರೆ. ನಂಗೂ ವಯಸ್ಸಾಯ್ತು, ಇನ್ನೊಂದು ಸಲ ಸಿಗಲ್ಲ."

ಮೈ ಕಾದ ಹೆಂಚಿನಂತಿತ್ತು. ಅವನು ಹೊಟ್ಟೆಯ ಚರ್ಮ ಹಿಡಿದೆತ್ತಿ ಚುಚ್ಚಿದ. ಯಾರಿಗೂ ಹೇಳಲಿಲ್ಲ. ಉಸಿರು ಎಳೆಯತೊಡಗಿದ ಮೇಲೆ ಆಸ್ಪತ್ರೆಗೆ ಹೊತ್ತೊಯ್ದ.

*

"ಕೊರತೆ ನಂದು ಅಮ್ಮ. ಅವಳದ್ದಲ್ಲ. ಜ್ವರಾನೂ ಮುಚ್ಚಿಟ್ವಿ."

ತಾಯಿ ಬಹಳ ಹೊತ್ತು ಸೊಸೆಯ ಹೊಟ್ಟೆಯನ್ನೇ ನೋಡಿದಳು. ಆಮೇಲೆ ಬಟ್ಟೆ ಎಳೆದು ಮುಚ್ಚಿದಳು.

"ಮೆಲ್ಲಗೆ ಮಾತಾಡು. ಹೊರಗೆ ಜನ ಇದ್ದಾರೆ."

ಹೊರಗೆ ಕನ್ನಡಕದಂಗಡಿಯ ಯಜಮಾನ, "ಒಂದು ಮಗುನಾದ್ರೂ ಇದ್ದಿದ್ರೆ," ಎಂದು ನಿಟ್ಟುಸಿರಿಟ್ಟ.

"ಅವಳ ಹಣೇಲಿ ಬರೆದಿರಲಿಲ್ಲ," ಎಂದಳು ತಾಯಿ.

ಮಗ ಪಕ್ಕದಲ್ಲೇ ನಿಂತಿದ್ದ.

ಮಣ್ಣು ಮಾಡಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಪಕ್ಕದ ಮನೆಯವರು ಕಳಿಸಿದ ಊಟದ ಪಾತ್ರೆ ಇಡಲು ಅಕ್ಕ ಫ್ರಿಜ್ ತೆರೆದಳು. ಒಳಗೆ, ಹಾಲಿನ ಪಕ್ಕ, ಇನ್ನೂ ಒಡೆಯದ, ಸೂಜಿಮದ್ದಿನ ಪುಟ್ಟ ಸೀಸೆಗಳು. ಎಲ್ಲವನ್ನೂ ಬೊಗಸೆಯಲ್ಲಿ ತೆಗೆದು ಹಿಡಿದಳು.

"ಇವನ್ನ ಎಸೆದುಬಿಡ್ಲೇನೋ?"

"ಬೇಡ ಅಕ್ಕ, ಬೇಗ ಒಳಗಿಡು," ಎಂದ ಅವನು. "ಹೊರಗಿದ್ರೆ ಕೆಟ್ಟುಹೋಗ್ತವೆ."