ಬೆನ್ನ ಮೇಲಿನ ಅಂಗೈ

ಮತ್ತೆ ಅದೇ, ತಿರುವಿಗೆ ಇನ್ನೂ ಹತ್ತು ಮಾರು ಇರುವಾಗಲೇ, ಬೆನ್ನಿನ ಮೇಲೆ ಅಂಗೈ, ಜಾಕೆಟ್ಟಿನ ದಪ್ಪ ತೊಗಲನ್ನೂ ಒಳಗಿನ ಉಣ್ಣೆಯಂಗಿಯನ್ನೂ ದಾಟಿ ಒತ್ತುತ್ತಿದೆ, ನಿಲ್ಲು ಅನ್ನುವಂತೆ, ಗಾಳಿಯಲ್ಲ ಇದು, ಗಾಳಿ ಎಡದಿಂದ ಬೀಸುತ್ತಿದೆ, ಹೊಲದ ಹುಲ್ಲೆಲ್ಲ ಬಲಕ್ಕೆ ಮಲಗಿದೆ, ಮತ್ತೆ ಗಾಳಿಗೆ ಬೆರಳುಗಳಿರುವುದಿಲ್ಲ — ಬತೂಲ್ ಗೇರ್ ಇಳಿಸಿದಳು, ತಿರುವು ದಾಟಿದಳು, ನಿಲ್ಲಿಸಲಿಲ್ಲ. ಎಲ್ಲಿ ನಿಲ್ಲಿಸುವುದು, ಈ ಎತ್ತರದ ಬೈಕನ್ನು ಕಂಡಕಂಡಲ್ಲಿ ನಿಲ್ಲಿಸಲಿಕ್ಕಾಗುತ್ತದೆಯೇ, ಕಾಲಿಡಲು ಒಂದು ಕಲ್ಲೋ ಕಟ್ಟೆಯೋ ಬೇಕು, ತುದಿಗಾಲೂ ಸರಿಯಾಗಿ ನೆಲಕ್ಕೆ ತಾಗುವುದಿಲ್ಲ ಅವಳಿಗೆ. ತಿಮಹ್ದೀತ್ ಊರು ಕೂಡ ಇನ್ನೂ ಬಂದಿಲ್ಲ, ಮನೆ ಬಿಟ್ಟು ಎಷ್ಟು ಹೊತ್ತಾಯಿತೆಂದು, ಆಗಲೇ ಬಂತು ಅಂಗೈ! ಮೊದಲ ಸಲ ಬಂದದ್ದು ದೂರದ ಮರ್ಜೂಗಾದಲ್ಲಿ, ಮರಳು ಶುರುವಾಗುವ ಕಡೆ, ಆಗ ಭಯಕ್ಕಿಂತ ಸಂತೋಷವೇ ಹೆಚ್ಚಾಗಿತ್ತು, ಜೀಲಾಲಿ ಬಂದ, ನನ್ನ ಗಂಡ ಮಣ್ಣಿನಿಂದೆದ್ದು ಬಂದು ನನ್ನ ಹಿಂದೆ ಕೂತ ಎಂದು ಹೆಲ್ಮೆಟ್ಟಿನೊಳಗೆ ಗಳಗಳ ಅತ್ತಿದ್ದಳು, ಅದರ ಮುಂದಿನ ಪ್ರಯಾಣದಲ್ಲಿ ರಿಚ್ ಊರಿನ ಹತ್ತಿರ, ಆಮೇಲೆ ತಲ್ಗಮ್ತ್ ಘಾಟಿಯಲ್ಲಿ, ಆಮೇಲೆ ಝೈದಾದಲ್ಲಿ, ಪ್ರತಿ ಸಲವೂ ಮನೆಗೆ ಒಂದೊಂದು ಊರು ಹತ್ತಿರ, ಇವತ್ತು ಇಲ್ಲೇ, ಹೀಗೇ ಆದರೆ ಮುಂದಿನ ಸಲ ಅಝ್ರೂವಿನ ದೇವದಾರು ಮರಗಳ ಕೆಳಗೆ, ಆಮೇಲೆ ಮನೆ ಬಾಗಿಲಲ್ಲಿ, ಅಂಗಳದಲ್ಲಿ, ಹೆಲ್ಮೆಟ್ಟಿನ ಪಟ್ಟಿ ಬಿಗಿಯುವಾಗಲೇ. ಆಮೇಲೆ ಎಲ್ಲಿಗೂ ಹೊರಡಲಾಗುವುದಿಲ್ಲ.

ತಾಮು ಅಕ್ಕನಿಗೆ ಅದೇ ಬೇಕು. ಲೇ ಬತೂಲ್, ಸಾಕು ಮಾಡೇ, ಊರೆಲ್ಲ ನಗ್ತಿದೆ, ಗಂಡ ಸತ್ತ ಹೆಂಗಸು ಗಂಡಸ್ರ ಥರ ಬೂಟ್ಸ್ ಹಾಕ್ಕೊಂಡು ಮರಳುಗಾಡಿಗೆ ಹೋಗ್ತಾಳಂತೆ, ಮನೇಲಿ ಕೂತು ಜಲ್ಲಾಬ ಹೊಲಿ, ಹಬ್ಬ ಬಂತು, ಕೈತುಂಬ ಕೆಲಸ ಇದೆ — ಅಕ್ಕ ಮಾತಿನಲ್ಲಿ ಸೂಜಿ ಇಟ್ಟುಕೊಂಡವಳು, ಆದರೆ ಝೈದಾದ ಪೆಟ್ರೋಲ್ ಬಂಕಿನಲ್ಲಿ ತಂಗಿ ಬಿದ್ದ ದಿನ ಮೂರು ಬಸ್ಸು ಬದಲಿಸಿ ಓಡಿ ಬಂದವಳೂ ಅವಳೇ, ಬತೂಲಳ ಕಾಲು ಹಿಡಿದುಕೊಂಡು ಮಗುವಿನಂತೆ ಅತ್ತವಳೂ ಅವಳೇ. ಅವತ್ತು ನೆಲ ಇಳಿಜಾರಿತ್ತು, ಚಾಚಿದ ಕಾಲಿಗೆ ನೆಲವೇ ಸಿಗಲಿಲ್ಲ, ಬೈಕಿನ ಅಷ್ಟೂ ಭಾರ ನಿಧಾನವಾಗಿ, ಎಷ್ಟು ನಿಧಾನವಾಗಿ, ಮೈಮೇಲೆ ವಾಲಿಕೊಂಡು ಬಂತು, ಕಣಕಾಲು ಅಡಿಯಲ್ಲಿ, ಗಂಡಸರು ಬಂದು ಎತ್ತಿದರು, ನೆಲ ಡೊಂಕಿತ್ತು ಎಂದಳು ಅವಳು, ತಾಮು ಬಿಡುತ್ತಾಳೆಯೇ, ಹೂಂ, ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ಡಾಕ್ಟರು ಮಾತ್ರ ನಗಲಿಲ್ಲ. ಈ ಸಲ ಉಳುಕಿದೆ, ಇನ್ನೊಂದ್ಸಲ ಬಿದ್ರೆ ಮುರಿಯುತ್ತೆ, ಆಮೇಲೆ ಹೊಲಿಗೆ ಮಿಷನ್ ತುಳಿಯೋದೂ ಕಷ್ಟ. ಅದಕ್ಕೇ ಇವತ್ತು ಮಿದೆಲ್ತಿಗೆ, ಮೆಕ್ಯಾನಿಕ್ ಮಿಮೂನನ ಹತ್ತಿರ. ಸಂಜೆ ಫೆಸ್‌ನಿಂದ ಯಾರೋ ಈ ಬೈಕು ನೋಡಲು ಬರುತ್ತಾರಂತೆ, ಮಿಮೂನನ ಬಳಿ ಒಂದು ಸಣ್ಣ ಬೈಕೂ ಇದೆಯಂತೆ, ತಗ್ಗಿನದು, ಇನ್ನೂರೈವತ್ತು ಸಿಸಿಯದು — ದೊಡ್ಡದನ್ನು ಮಾರಿ ಸಣ್ಣದನ್ನು ಕೊಳ್ಳುವುದೋ, ಮಾರಿ ಬಸ್ಸು ಹತ್ತಿ ಮನೆಗೆ ಹೋಗಿ ಶಾಶ್ವತವಾಗಿ ಕೂರುವುದೋ, ಇಲ್ಲಾ ಇದನ್ನೇ ಇಟ್ಟುಕೊಂಡು ಇನ್ನೊಂದು ದಿನ ಇದರ ಕೆಳಗೇ ಸಾಯುವುದೋ. ಅತ್ತ ದರಿ, ಇತ್ತ ಪುಲಿ, ನಡುವೆ ಬತೂಲ್.

ಸಾಯುವುದು, ಜೀಲಾಲಿ ಬೈಕಿನ ಮೇಲೆ ಸಾಯಲಿಲ್ಲ, ಸತ್ತದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ, ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರಲ್ಲಿ ಸೋಪಿನ ನೊರೆ ಹಾಗೇ ಇತ್ತು, ನಿದ್ದೆ ಬಂತೇನೋ ಅಂದ್ಕೊಂಡೆ ತಾಯಿ ಎಂದ ಕ್ಷೌರಿಕ, ಇಡೀ ಅಟ್ಲಾಸ್ ಬೆಟ್ಟಸಾಲನ್ನು ಬ್ರೇಕಿಲ್ಲದವನಂತೆ ಸುತ್ತಿದ ಮನುಷ್ಯನನ್ನು ಸಾವು ಕುರ್ಚಿಯಲ್ಲಿ ಕೂರಿಸಿಕೊಂಡು ಹಿಡಿಯಿತು. ಅವಳು ಬಿಳಿ ಉಟ್ಟಳು, ವಿಧವೆಯ ತಿಂಗಳುಗಳು ಮುಗಿಯುವವರೆಗೂ ಬಿಳಿ ಜಲ್ಲಾಬ, ಬಿಳಿ ಕಾಲುಚೀಲ, ಅಂಗಳದಲ್ಲಿ ಬೈಕಿನ ಮೇಲೂ ಯಾರೋ ಬಿಳಿ ದುಪ್ಪಟಿ ಹೊದಿಸಿದ್ದರು, ಬೆಳಿಗ್ಗೆ ಎದ್ದು ನೋಡಿದರೆ ಇಬ್ಬರು ವಿಧವೆಯರು. ಬಿಳಿ ಕಳಚಿದ ವಾರವೇ ಅವಳು ಬೈಕು ಕಲಿಯಲು ಹೋದಳು. ಯಾಕೆಂದು ಎಲ್ಲರೂ ಕೇಳಿದರು, ಅವನ ನೆನಪಿಗೆ ಎಂದಳು, ಅದು ಸುಳ್ಳು, ಸುಳ್ಳಲ್ಲ, ಅರ್ಧ ಸುಳ್ಳು, ಅವಳಿಗೆ ಮುಂದೆ ಕೂತು ನೋಡಬೇಕಿತ್ತು. ಮದುವೆಯಾದಂದಿನಿಂದ ಅವಳು ಕಂಡ ದೇಶವೆಂದರೆ ಅವನ ಹೆಲ್ಮೆಟ್ಟಿನ ಹಿಂಭಾಗ, ಅದರ ಎಡಕ್ಕೆ ಅರ್ಧ ಬೆಟ್ಟ, ಬಲಕ್ಕೆ ಅರ್ಧ ಬೆಟ್ಟ. ಎದುರು ಗಾಳಿಯಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ಕೈಸನ್ನೆ ಮಾಡಿಕೊಂಡಿದ್ದರು, ಭುಜಕ್ಕೆ ಒಂದು ತಟ್ಟಿದರೆ ಎಲ್ಲ ಸರಿ, ಎರಡು ತಟ್ಟಿದರೆ ನಿಧಾನ, ಬೆನ್ನಿಗೆ ಅಂಗೈ ಒತ್ತಿದರೆ ನಿಲ್ಲಿಸು. ಒಂದು ಅವನಿಗೆ ಅರ್ಥವಾಗುತ್ತಿತ್ತು, ಎರಡು ಅರ್ಥವಾಗುತ್ತಿತ್ತು, ಅಂಗೈ ಮಾತ್ರ ಅರ್ಥವಾಗುತ್ತಿರಲಿಲ್ಲ. ಒಂದು ಸಲವೂ ನಿಲ್ಲಿಸಲಿಲ್ಲ ಆ ಮನುಷ್ಯ! ಬಾದಾಮಿ ಹೂ ಬಿಟ್ಟಿತ್ತು, ಒತ್ತಿದಳು, ಝೀಜ್ ಹೊಳೆಯಲ್ಲಿ ಹೆಂಗಸರು ಕಂಬಳಿ ಒಗೆಯುತ್ತ ಹಾಡುತ್ತಿದ್ದರು, ಒತ್ತಿದಳು, ಉಚ್ಚೆ ತಡೆಯಲಾರದೆ ಒತ್ತಿದಳು, ಮುಂದಿನ್ ತಿರುವು ಬತೂಲ್, ಇದೊಂದ್ ತಿರುವು ಆಗ್ಲಿ, ಎಂದು ತಲೆಯನ್ನು ಅರ್ಧ ತಿರುಗಿಸಿ ಕೂಗುತ್ತಿದ್ದ, ಆ ತಿರುವಾದ ಮೇಲೆ ಇನ್ನೊಂದು ತಿರುವು. ಪ್ರೀತಿಯಿಲ್ಲದವನಲ್ಲ, ಮನೆಯಲ್ಲಿ ಅವಳ ಕಾಲು ನೋವಿಗೆ ಬಿಸಿ ಎಣ್ಣೆ ಹಚ್ಚುತ್ತಿದ್ದ, ರೊಟ್ಟಿಯ ಮೆತ್ತನೆಯ ಒಳಭಾಗ ಬಿಡಿಸಿ ಅವಳ ಕಡೆ ಸರಿಸುತ್ತಿದ್ದ, ಆದರೆ ಬೈಕಿನ ಮೇಲೆ ಅವನಿಗೆ ಹಿಂದೆ ಏನೂ ಇರಲಿಲ್ಲ.

ಓಹೋ ಲಲ್ಲಾ ಬತೂಲ್, ಬನ್ನಿ ಬನ್ನಿ, ಕಲ್ಲು ಇಟ್ಟಿದೀನಿ, ಇದರ ಮೇಲೆ ಕಾಲಿಡಿ — ಮಿಮೂನ್ ಗ್ಯಾರೇಜಿನ ಮುಂದೆ ಅವಳಿಗೆಂದೇ ಒಂದು ಕಲ್ಲು ಇಟ್ಟುಕೊಂಡಿದ್ದಾನೆ, ಜೀಲಾಲಿಯ ಹಳೆಯ ದೋಸ್ತು, ಪುದೀನಾ ಚಹಾಕ್ಕೆ ಸಕ್ಕರೆ ಗಟ್ಟಿ ಒಡೆಯುತ್ತಲೇ ಬೈಕಿನ ಸುತ್ತ ಒಂದು ಸುತ್ತು ಬಂದ, ಸೀಟಿನ ಹಿಂಭಾಗವನ್ನು ಕೆಳಕ್ಕೆ ಒತ್ತಿದ, ಮತ್ತೆ ಒತ್ತಿದ, ಇದನ್ನ ಯಾರು ಇಷ್ಟು ಬಿಗಿ ಮಾಡಿದ್ದು, ಎಂದು ಕೇಳಿದ. ಯಾರು ಮಾಡುತ್ತಾರೆ, ಜೀಲಾಲಿ. ಅಯ್ಯೋ ಪುಣ್ಯಾತ್ಗಿತ್ತಿ, ಇಬ್ರಿಗೆ ಅಂತ ಬಿಗಿ ಮಾಡಿದ್ ಸ್ಪ್ರಿಂಗು ಹಂಗೇ ಇದೆಯಲ್ಲ! ನೀವೊಬ್ರೇ ಕೂತ್ರೆ ಇದು ತಗ್ಗೋದೇ ಇಲ್ಲ, ಒಂಟೆ ಥರ ಎದ್ದು ನಿಲ್ಲುತ್ತೆ, ಕಾಲೆಲ್ಲಿಂದ ನೆಲಕ್ಕೆ ತಾಗ್ಬೇಕು, ಬೀಳದೆ ಇನ್ನೇನು. ಅವಳು ಚಹಾದ ಲೋಟ ಕೈಗೆತ್ತಿಕೊಂಡಳು. ಗೊತ್ತಿತ್ತು ಅವಳಿಗೆ, ಸೀಟಿನ ಕೆಳಗಿನ ಆ ತಿರುಪನ್ನು ತಿರುಗಿಸಿದರೆ ಸಾಕೆಂದು ಕಲಿಸಿದವರೇ ಹೇಳಿದ್ದರು, ತಿರುಗಿಸಲು ಕೈ ಬರಲಿಲ್ಲ, ಅವನೇ ಅವಳ ಭಾರಕ್ಕೆಂದು ಬಿಗಿದದ್ದು, ಅದನ್ನು ಸಡಿಲಿಸಿದರೆ ಇನ್ನೊಂದು ಸಲ ಮಣ್ಣು ಮಾಡಿದ ಹಾಗೆ. ಆಮೇಲೆ ಹೇಗೋ ಧೈರ್ಯ ಮಾಡಿ, ಲೋಟ ನೋಡುತ್ತಲೇ ಕೇಳಿದಳು, ಮಿಮೂನ್, ಸ್ಪ್ರಿಂಗ್ ಬಿಗಿ ಇದ್ರೆ ಬೆನ್ನಿಗೆ ಒತ್ತುತ್ತಾ, ಕೈಯಿಂದ ಒತ್ತಿದ ಹಾಗೆ? ಬೆನ್ನಿಗಾ? ಕುಂಡಿಗೆ ಹೊಡೆಯುತ್ತೆ ಲಲ್ಲಾ, ತಪ್ಪು ತಿಳ್ಕೋಬೇಡಿ, ಬೆನ್ನಿಗೆ ಯಾಕೆ ಬರುತ್ತೆ, ಎಂದು ನಕ್ಕವನು ಅವಳ ಮುಖ ನೋಡಿ ನಗು ನಿಲ್ಲಿಸಿದ. ಯಾರಾದ್ರೂ ಹಿಂದೆ ಇದ್ದಾರೆ ಅನ್ಸುತ್ತಾ? ಅವಳು ಲೋಟ ಕೆಳಗಿಟ್ಟಳು. ಮಿಮೂನ್ ಸೀಟಿನ ಮೇಲಿನ ಕುರಿತೊಗಲಿನ ಮೇಲೆ ಕೈಯಾಡಿಸಿದ, ಕಳೆದ ದೊಡ್ಡ ಹಬ್ಬದ ಕುರಿಯದು, ಅಕ್ಕ ತಂಗಿ ಇಬ್ಬರೂ ಹೊಳೆಯಲ್ಲಿ ತೊಳೆದು ಉಪ್ಪು ಹಾಕಿ ತಾರಸಿಯಲ್ಲಿ ಒಣಗಿಸಿದ್ದು, ನೋಡಿ ಮುಂದೆ ಉಣ್ಣೆ ಚಪ್ಪಟೆ ಆಗಿದೆ, ಅದು ನೀವು, ಹಿಂದೆ ನೋಡಿ, ಹತ್ತಿ ಥರ ಎದ್ದು ನಿಂತಿದೆ, ಇಲ್ಲಿ ಯಾರೂ ಕೂತಿಲ್ಲ ಲಲ್ಲಾ, ಜೀಲಾಲಿ ಬದುಕಿದ್ದಾಗ್ಲೇ ಯಾರ ಹಿಂದೇನೂ ಕೂತವನಲ್ಲ, ಕೈ ಮುರಿದಾಗ ಬಸ್ಸಿಗೆ ಹೋದ, ನನ್ ಹಿಂದೆ ಕೂರೋ ಅಂದ್ರೆ ಕೂರ್ಲಿಲ್ಲ, ಈಗ ಬಂದು ಕೂರ್ತಾನಾ! ಇಬ್ಬರೂ ನಕ್ಕರು, ಅವಳಿಗೆ ನಿಜವಾಗಿ ಹಗುರವಾಯಿತು, ಮಿಮೂನ್ ತಿರುಪು ಸಡಿಲಿಸಿದ, ದೊಡ್ಡ ಬೈಕು ಉಸಿರು ಬಿಟ್ಟಂತೆ ತಗ್ಗಿತು, ಕೂತು ನೋಡಿದರೆ ಪಾದದ ಅರ್ಧ ನೆಲಕ್ಕೆ ತಾಗುತ್ತಿದೆ. ಹಾಗಾದರೆ ಇದನ್ನೇ ಇಟ್ಟುಕೊಳ್ಳಬಹುದಲ್ಲ. ಸುಮ್ನೆ ಒಂದ್ಸಲ ಸಣ್ಣದನ್ನೂ ಓಡಿಸಿ ನೋಡಿ, ಘಾಟಿವರೆಗೆ ಹೋಗಿ ಬನ್ನಿ, ಆಮೇಲೆ ಹೇಳಿ, ಫೆಸ್‌ನವನು ಬಂದ್ರೆ ಕೂರಿಸ್ಕೊಂಡಿರ್ತೀನಿ.

ಸಣ್ಣದು, ಅಬ್ಬ, ಇದು ಬೈಕೋ ಮೇಕೆಮರಿಯೋ, ಹೇಳಿದ ಕಡೆ ತಿರುಗುತ್ತದೆ, ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೆ, ಹಿಮ್ಮಡಿಯೂ, ಹಿಂದೆ ಸೀಟೇ ಇಲ್ಲ, ಮಿಮೂನ್ ಅದನ್ನು ಕಿತ್ತು ಸಾಮಾನು ಕಟ್ಟಲು ಕಬ್ಬಿಣದ ಪಟ್ಟಿ ಹಾಕಿದ್ದಾನೆ, ಒಳ್ಳೆಯದೇ ಆಯಿತು, ಕೂರಲು ಜಾಗವಿಲ್ಲದ ಮೇಲೆ ಯಾರು ಕೂರುತ್ತಾರೆ, ಮಿದೆಲ್ತ್‌ನ ಸೇಬಿನ ತೋಟಗಳು ಹಿಂದಾದವು, ಬಲಕ್ಕೆ ಅಯ್ಯಾಶಿ ಬೆಟ್ಟ, ತಲೆಯಲ್ಲಿ ಹಿಮ, ಇಡೀ ಬೆಟ್ಟ, ಅರ್ಧವಲ್ಲ, ರಸ್ತೆ ಏರತೊಡಗಿತು, ಬೈಕು ಸಣ್ಣಗೆ ಗುಂಯ್‌ಗುಡುತ್ತ ಏರುತ್ತಿದೆ, ಜೋರಾಗಿ ಓಡುವುದಿಲ್ಲ ಇದು, ಓಡದಿದ್ದರೇನು, ಯಾರು ಕಾಯುತ್ತಿದ್ದಾರೆ, ಈ ಬೈಕಿನಲ್ಲಿ ಆಲ್ಜೀರಿಯಾ ಗಡಿಯವರೆಗೂ ಹೋಗಬಹುದು, ಕೆಳಗೆ ಝಗೋರಾಕ್ಕೂ, ತಾಮು ಅಕ್ಕ ಬಾಯಿ ಬಡಿದುಕೊಳ್ಳಲಿ, ಬತೂಲ್ ಹೆಲ್ಮೆಟ್ಟಿನೊಳಗೆ ಒಂದು ಮದುವೆ ಹಾಡು ಗುನುಗಿದಳು, ಎರಡನೆಯ ಸಾಲಿಗೆ ಬಂದಿದ್ದಳು, ಅಂಗೈ.

ಹಾಡು ನಿಂತಿತು. ಸೀಟಿಲ್ಲ, ಕಬ್ಬಿಣದ ಪಟ್ಟಿಯ ಮೇಲೆ ಯಾರು ಕೂರುತ್ತಾರೆ, ಸ್ಪ್ರಿಂಗಲ್ಲ, ಬೇರೆ ಬೈಕಿನ ಬೇರೆ ಸ್ಪ್ರಿಂಗು, ಜೀಲಾಲಿ, ನೀನೇ ಏನೋ, ಎಂದಳು ಗಟ್ಟಿಯಾಗಿ, ಕನ್ನಡಿಯಲ್ಲಿ ಖಾಲಿ ರಸ್ತೆ, ಅಂಗೈ ಇನ್ನಷ್ಟು ಒತ್ತಿತು. ಜೀಲಾಲಿಯ ಕೈ ಎಂಥದು, ರೊಟ್ಟಿ ತಟ್ಟುವ ಹಲಗೆಯಂಥದು, ಅವಳ ಅರ್ಧ ಬೆನ್ನು ಮುಚ್ಚುವಂಥದು, ಇದು ಚಿಕ್ಕದು, ಇದರ ಬೆರಳುಗಳು ಗಿಡ್ಡ, ಇದು ಎಡಗೈ, ಹೆಬ್ಬೆರಳು ಬಲಗಡೆಗಿದೆ — ಬಲಗೈಯಲ್ಲಿ ಹಿಂದಿನ ಕಂಬಿ ಹಿಡಿದುಕೊಂಡು ಎಡಗೈಯಲ್ಲಿ ಒತ್ತುವವರು ಯಾರು? ಜೀಲಾಲಿ ತನ್ನ ಜನ್ಮದಲ್ಲಿ ಯಾರ ಬೆನ್ನಿಗೂ ಹೀಗೆ ಒತ್ತಿದವನಲ್ಲ. ಒತ್ತುತ್ತಿದ್ದವಳು ಒಬ್ಬಳೇ. ಅವಳು ಇಳಿದಿರಲೇ ಇಲ್ಲ. ಜೀಲಾಲಿ ಸತ್ತ, ಬತೂಲ್ ಮುಂದಕ್ಕೆ ಸರಿದು ಕೂತಳು, ಆದರೆ ಹಿಂದೆ ಕೂತಿದ್ದವಳನ್ನು ಇಳಿಸಲು ಯಾರೂ ನಿಲ್ಲಿಸಲಿಲ್ಲ, ಅವಳು ಇನ್ನೂ ಅಲ್ಲೇ ಕೂತು ಒತ್ತುತ್ತಿದ್ದಾಳೆ, ಮರ್ಜೂಗಾದಲ್ಲಿ ಒತ್ತಿದಳು, ರಿಚ್‌ನಲ್ಲಿ ಒತ್ತಿದಳು, ಪ್ರತಿ ಸಲವೂ ಮುಂದೆ ಕೂತ ಬತೂಲ್ ಕಲ್ಲಿಲ್ಲ ಕಟ್ಟೆಯಿಲ್ಲ ಎಂದುಕೊಂಡು, ಇದೊಂದು ತಿರುವು ಆಗಲಿ ಎಂದುಕೊಂಡು, ಅವನ ಹಾಗೇ, ಥೇಟ್ ಅವನ ಹಾಗೇ.

ನಿಲ್ಲಿಸಿದಳು. ಆಕ್ರೋಟ ಮರದ ಕೆಳಗೆ, ರಸ್ತೆ ಬದಿಯಲ್ಲೇ ಕಾಲುವೆ, ನೀರು ಹರಿಯುತ್ತಿದೆ, ಎರಡೂ ಪಾದ ನೆಲಕ್ಕೆ ಊರಿದಳು, ಎಷ್ಟು ಸುಲಭ, ಎಂಜಿನ್ ಆರಿಸಿದಳು, ನಿಂತಿದೀನಿ ಕಣೇ, ನೋಡು, ಇಳಿ, ಎಂದಳು ಹಿಂತಿರುಗದೆ. ಅಂಗೈ ಬೆನ್ನಿನಿಂದ ಎದ್ದಿತು. ಬೈಕಿನ ಹಿಂಭಾಗ ಒಂದಿಷ್ಟು ಮೇಲಕ್ಕೆದ್ದಿತು, ಯಾರೋ ಇಳಿದಾಗ ಏಳುವಂತೆ, ಎಡಗಡೆ ಜಲ್ಲಿಕಲ್ಲು ಕರಕರ ಎಂದಿತು, ಒಂದು ಹೆಜ್ಜೆ, ಇನ್ನೊಂದು, ಕಾಲುವೆಯ ಕಡೆಗೆ, ಆಮೇಲೆ ನೀರಿನ ಸದ್ದು, ಯಾರೋ ಮೊಗೆಮೊಗೆದು ಮುಖ ತೊಳೆದುಕೊಳ್ಳುತ್ತಿರುವ ಸದ್ದು. ಬತೂಲ್ ನೋಡಲಿಲ್ಲ. ನೋಡುವುದಕ್ಕೆ ಭಯ, ಮತ್ತೆ ಎಂಥದೋ ದುಃಖ, ಪಾಪ, ಎಷ್ಟು ವರ್ಷದ ದಣಿವು ಅವಳಿಗೆ. ಈ ಬೈಕೇ ಸರಿ, ಇದನ್ನೇ ತಗೋತೀನಿ ಅಂತ ಮಿಮೂನನಿಗೆ ಹೇಳಬೇಕು, ದೊಡ್ಡದನ್ನು ಫೆಸ್‌ನವನು ಒಯ್ಯಲಿ, ಇದರಲ್ಲಿ ಎಲ್ಲೆಂದರಲ್ಲಿ ನಿಲ್ಲಿಸಬಹುದು, ಬಾದಾಮಿ ಹೂವಿಗೆ, ಹಾಡಿಗೆ, ಇವಳು ಬರಲಿ, ಬಂದ ಕೂಡಲೇ ಹೊರಡುವುದು, ಜೀಲಾಲಿಯಾಗಿದ್ದರೆ ಇಷ್ಟು ಹೊತ್ತಿಗೆ ಹಾರ್ನ್ ಹೊಡೆಯುತ್ತಿದ್ದ, ನಾನು ಹೊಡೆಯುವುದಿಲ್ಲ, ಅವಸರವಿಲ್ಲ, ನೀರಿನ ಸದ್ದು ನಿಂತಿದೆ, ಅಯ್ಯಾಶಿಯ ನೆರಳು ರಸ್ತೆಯವರೆಗೆ ಬಂದಿದೆ, ಈಗ ಬರುತ್ತಾಳೆ, ಬಂದರೆ ಗೊತ್ತಾಗುತ್ತದೆ, ಒಬ್ಬಳನ್ನೇ ಇಲ್ಲಿ ಬಿಟ್ಟು ಹೋಗಲಾಗುವುದಿಲ್ಲ, ಜಲ್ಲಿಕಲ್ಲು ಸದ್ದು ಮಾಡುತ್ತಿಲ್ಲ, ಬತೂಲ್ ಎರಡೂ ಪಾದ ಊರಿಕೊಂಡು ಬೆನ್ನನ್ನು ನೆಟ್ಟಗೆ ಹಿಡಿದು ಕೂತಿದ್ದಾಳೆ, ಬೆನ್ನ ಮೇಲೆ ಅವಳ ಅಂಗೈ ಇದ್ದ ಜಾಗ, ಚಿಕ್ಕದು, ಎಡಗೈಯದು, ಐದು ಬೆರಳು, ಒಂದೊಂದಾಗಿ ತಣ್ಣಗಾಗುತ್ತಿದೆ.